ಸುಲೊನ ಪುಕ್ಕಟೆ ಕರೆಂಟು

ನಲವತ್ತು ವರ್ಷ ಕರೆಂಟು ಕಂಬ ಹತ್ತಿ ಇಳಿದವನು ನಾನು. ಗೆಳೆಯ ಸುಲೊ ನನ್ನ ಮೂಗಿನ ಮುಂದೆಯೇ ಫೋನು ಹಿಡಿದು ಪುಕ್ಕಟೆ ಕರೆಂಟಿನ ವಿಡಿಯೋ ತೋರಿಸಿದರೆ ಮೈ ಉರಿಯದೆ ಇರುತ್ತದೆಯೇ? ಮೋಟಾರು ಡೈನಮೋ ತಿರುಗಿಸುತ್ತದಂತೆ, ಡೈನಮೋ ಮೋಟಾರಿಗೇ ಕರೆಂಟು ಕೊಡುತ್ತದಂತೆ, ಮಿಕ್ಕಿದ್ದರಲ್ಲಿ ಮನೆಯೆಲ್ಲ ಬೆಳಗುತ್ತದಂತೆ!

"ಕೆಳಗೆ ಬ್ಯಾಟರಿ ಬಚ್ಚಿಟ್ಟಿರ್ತಾನೆ ಕಣೋ ಆ ವಿಡಿಯೋ ಕಳ್ಳ," ಅಂದೆ. "ಪುಕ್ಕಟೆ ಕರೆಂಟು ಅನ್ನೋದು ಎಲ್ಲೂ ಇಲ್ಲ."

"ನಿಂಗೆ ಹೊಟ್ಟೆಕಿಚ್ಚು, ಟೌನೊ. ನಿಮ್ಮ ಕಂಪನಿ ಮುಚ್ಚಿಹೋಗುತ್ತೆ ಅಂತ!"

ಸುಲೊ ದಡ್ಡನಲ್ಲ. ಅವನ ಹೆಂಡತಿ ಹಿಲ್ಯಾಳ ಶ್ವಾಸಕೋಶ ಕೈಕೊಟ್ಟು ಎರಡು ವರ್ಷವಾಗಿತ್ತು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಆಮ್ಲಜನಕದ ಯಂತ್ರವೇ ಅವಳ ಉಸಿರು. ಮಿಶಿಗನ್ನಿನ ಈ ಉತ್ತರದ ತುದಿಯಲ್ಲಿ ಪ್ರತಿ ಚಳಿಗಾಲಕ್ಕೂ ತಂತಿ ಹರಿದು ಕರೆಂಟು ಹೋಗುತ್ತದೆ. ಅದಕ್ಕೆಂದೇ ಅವನ ಕೊಟ್ಟಿಗೆಯಲ್ಲಿ ಒಂದು ಹಳೇ ಜನರೇಟರಿತ್ತು. ಅದು ಸ್ಟಾರ್ಟ್ ಆಗದಿದ್ದರೆ ಎಂಬ ಹೆದರಿಕೆಗೇ ಅವನು ಅಡುಗೆಮನೆಯಲ್ಲಿ ಆ ವಿಡಿಯೋದ ಯಂತ್ರ ಕಟ್ಟಲು ಕೂತಿದ್ದ.

ಶನಿವಾರ ಮಧ್ಯಾಹ್ನ ಸೌನಾದ ಬಿಸಿ ಹಬೆಯ ಕೋಣೆಯಲ್ಲಿ ಬೆತ್ತಲೆ ಕೂತು ಬೆವರು ಸುರಿಸುತ್ತ ತಮಾಷೆಗೆ ಒಬ್ಬರ ಮಾನ ಒಬ್ಬರು ಕಳೆಯುವುದು ನಮ್ಮವರ ವಾಡಿಕೆ. ಈ ವಾರ ಸುಲೊನ ಸರದಿ ಎಂದುಕೊಂಡೆ. ಶುಕ್ರವಾರ ಅವನು ಸೌದೆ ತರಲು ಹೋದಾಗ, ಅವನ ಯಂತ್ರದ ಮರದ ಪೆಟ್ಟಿಗೆಯೊಳಗೆ ನನ್ನ ಟ್ರಕ್ಕಿನ ಹಳೇ ಬ್ಯಾಟರಿ, ಒಂದು ಇನ್ವರ್ಟರ್ ಇಟ್ಟು ತಂತಿ ಜೋಡಿಸಿಬಿಟ್ಟೆ. ಕಾಣದ ಹಾಗೆ ತಂತಿ ಎಳೆಯುವುದು ನನ್ನ ಕಸುಬಲ್ಲವೇ. ಯಂತ್ರ ಓಡಿದ ಮೇಲೆ ಎಲ್ಲರೆದುರು ಹಲಗೆ ಕಿತ್ತು ತೋರಿಸುವುದು ನನ್ನ ಲೆಕ್ಕ.

ಶನಿವಾರ ಸೌನಾಕ್ಕೆ ಮೊದಲು ಎಲ್ಲರೂ ಅವನ ಅಡುಗೆಮನೆಯಲ್ಲಿ ಸೇರಿದೆವು. ಸುಲೊ ಚಕ್ರ ತಿರುಗಿಸಿದ. ಅದಕ್ಕೆ ಸಿಕ್ಕಿಸಿದ್ದ ಹಿಲ್ಯಾಳ ಆಮ್ಲಜನಕದ ಯಂತ್ರ ಗುಂಯ್ ಎಂದಿತು. ಬೇರಿಂಗು ಬಿಸಿಯಾಗುತ್ತದೆಂದು ಹತ್ತು ನಿಮಿಷಕ್ಕೆ ನಿಲ್ಲಿಸಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಕುಕ್ಕರಿಸಿ ಕೂತು ಗೊಳೋ ಎಂದು ಅತ್ತುಬಿಟ್ಟ.

"ಇನ್ನು ಇವಳ ಬಗ್ಗೆ ನಂಗೆ ಹೆದರಿಕೆ ಇಲ್ಲ ಕಣ್ರೋ," ಅಂದ.

ಹಲಗೆ ಕೀಳಲು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡೆ.

ಭಾನುವಾರ ಅವನು ಜನರೇಟರನ್ನು ಚರ್ಚಿಗೆ ದಾನ ಕೊಟ್ಟ. "ನಮಗ್ಯಾಕೆ ಬಿಡು ಇನ್ನು?" ಎಂದು ನನ್ನಿಂದಲೇ ಹಿಡಿಸಿ ಗಾಡಿಗೇರಿಸಿದ. ಊಟದ ಹೊತ್ತಲ್ಲಿ ಯಾಕೆ, ಬ್ಯಾಟರಿಯ ವಿಷಯ ನಾಳೆ ಹೇಳೋಣ ಎಂದುಕೊಂಡೆ. ನನ್ನ ಬಾಯಿಗೆ ಮಣ್ಣು ಬೀಳ!

ಸೋಮವಾರ ಬೆಳಿಗ್ಗೆ ಬಿದ್ದ ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿತು. ತಂತಿಗಳು ಪಟಪಟ ಹರಿದವು, ಫೋನು ಸತ್ತಿತು. ನನ್ನ ಜನರೇಟರನ್ನು ಟ್ರಕ್ಕಿಗೆ ಹಾಕಿಕೊಂಡು ಹೊರಟೆ. ಅರ್ಧ ಮೈಲಿಗೇ ಪೈನ್ ಮರ ಅಡ್ಡ ಬಿದ್ದಿತ್ತು. ಎಲ್ಲ ಅಲ್ಲೇ ಬಿಟ್ಟು ಬೀಳುತ್ತ ಏಳುತ್ತ ನಡೆದೆ. ಅವನ ಮನೆ ಮುಟ್ಟುವಾಗ ಕರೆಂಟು ಹೋಗಿ ಎರಡು ಗಂಟೆ ಕಳೆದಿತ್ತು.

ಹಿಲ್ಯಾ ಕುರ್ಚಿಯಲ್ಲಿದ್ದಳು, ಮೂಗಿನಲ್ಲಿ ನಳಿಕೆ ಹಾಗೇ ಇತ್ತು. ಮುಟ್ಟಿದೆ. ಕೈ ತಣ್ಣಗಾಗಿತ್ತು. ಪಕ್ಕದಲ್ಲಿ ಸುಲೊ ಇನ್ನೂ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಿದ್ದ. ಅಂಗೈ ಸುಲಿದು ರಕ್ತ ಒಸರುತ್ತಿತ್ತು.

"ಮುಕ್ಕಾಲು ಗಂಟೆ ಚೆನ್ನಾಗೇ ಓಡ್ತು ಟೌನೊ. ಆಮೇಲೆ ನಿಂತ್ಹೋಯ್ತು. ನಾನೆಲ್ಲಿ ತಪ್ಪು ಮಾಡ್ದೆ? ನೀನು ಕರೆಂಟಿನೋನು, ನೋಡಿ ಹೇಳೋ."

ಮಂಡಿಯೂರಿ, ಪೆಟ್ಟಿಗೆಯ ಹಲಗೆ ಕಿತ್ತು, ಬ್ಯಾಟರಿಯನ್ನು ಎಳೆದು ಅವನ ಮುಂದಿಟ್ಟೆ. "ತಮಾಷೆಗೆ ಇಟ್ಟಿದ್ದೆ," ಅಂದೆ.

ಹೊಡೆಯಲಿ ಎಂದು ಕಾದೆ. ಅವನು ಚಕ್ರ ಬಿಟ್ಟು, ರಕ್ತದ ಕೈಯನ್ನು ಬ್ಯಾಟರಿಯ ಮೇಲಿಟ್ಟ.

"ಶನಿವಾರಾನೇ ಹೇಳಿದ್ರೆ ಎಲ್ಲರ ಜೊತೆ ನಾನೂ ನಗ್ತಿದ್ದೆ ಕಣೋ," ಅಂದ. "ಅವಳೂ ನಗ್ತಿದ್ಲು."