‘ಬಿಡು’ ಅಂದಮೇಲೆ ಇನ್ನೆರಡು ಮಾತು

ಅಪ್ಪ ಅಮ್ಮ ಇಟ್ಟ ಹೆಸರು ಅವನ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಲಿಫ್ಟ್ ರಿಪೇರಿ ಮಾಡುವ ಆ ಕಂಪನಿಯಲ್ಲಿ ಎಲ್ಲರ ಬಾಯಲ್ಲೂ ಅವನು ಚಡಪಡಿ. ಹೆಸರಿಟ್ಟವರ ತಪ್ಪೇನೂ ಇಲ್ಲ ಬಿಡಿ. ಆಸಾಮಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಕೂತಲ್ಲಿ ಕೂರುತ್ತಿರಲಿಲ್ಲ. ಚಹಾ ಆರುವವರೆಗೆ ಕಾಯಲಾರದೆ ದಿನಾ ನಾಲಿಗೆ ಸುಟ್ಟುಕೊಳ್ಳುತ್ತಿದ್ದ. ಎದುರಿನವರ ಮಾತು ಅರ್ಧಕ್ಕೆ ಬರುವಷ್ಟರಲ್ಲಿ "ಗೊತ್ತಾಯ್ತು, ಗೊತ್ತಾಯ್ತು" ಎಂದು ಎದ್ದುಬಿಡುತ್ತಿದ್ದ. "ರೀ, ನಿದ್ದೇಲೂ ನಿಮ್ಮ ಕಾಲು ಪೆಡಲ್ ತುಳೀತಾನೇ ಇರುತ್ತೆ, ಹೊದಿಕೆಯೆಲ್ಲ ನೆಲದ ಮೇಲೆ" ಎಂದು ಮದುವೆಯಾದ ಹೊಸತರಲ್ಲಿ ಹೆಂಡತಿ ದೂರಿದ್ದಳು. ಹತ್ತು ವರ್ಷ ಕಳೆದರೂ ತುಳಿಯುವುದು ನಿಂತಿರಲಿಲ್ಲ. ಅವಳು ಬೇರೆ ಹೊದಿಕೆ ತಂದುಕೊಂಡಿದ್ದಳು, ಅಷ್ಟೇ.

ಇಂಥವನಿಗೆ ಜೋಡಿಯಾಗಿ ಸಿಕ್ಕವನು ಸಾವಕಾಶ. ಅದೂ ಅಡ್ಡಹೆಸರೇ. ಚಡಪಡಿಗಿಂತ ಆರು ವರ್ಷ ದೊಡ್ಡವನು, ಅಗಲ ಬೆನ್ನು, ಅವಸರವೆಂದರೆ ಆಗದು. ಒಂದು ಬೋಲ್ಟು ಬಿಗಿದರೆ ಮೂರು ಸಲ ಮುಟ್ಟಿ ನೋಡುವ ಜಾತಿ. ಕೆಲಸದಲ್ಲಿ ಇಬ್ಬರೂ ಜೊತೆ, ಭಾನುವಾರದ ಸೈಕಲ್ ರೇಸಿನಲ್ಲೂ ಜೊತೆ. ಚಡಪಡಿಯನ್ನು ಸೈಕಲ್ ಕ್ಲಬ್ಬಿಗೆ ಕರೆದುಕೊಂಡು ಹೋದವನೇ ಸಾವಕಾಶ. "ನಿನ್ನ ಕಾಲಿಗೆ ಏನಾದ್ರೂ ಕೆಲಸ ಕೊಡ್ಬೇಕು ಕಣೋ. ಇಲ್ಲದಿದ್ರೆ ನನ್ನ ತಲೆ ತಿಂತೀಯ" ಎಂದಿದ್ದ.

ಕೆಲಸದಲ್ಲಿ ಸಾವಕಾಶನದೊಂದು ಕಟ್ಟುನಿಟ್ಟು ಇತ್ತು. ಹಳೆಯ ಕಟ್ಟಡಗಳಲ್ಲಿ ಲಿಫ್ಟಿನ ನೆತ್ತಿಯ ಮೇಲೆ ನಿಂತವನ ಕೈಗೆ ಅದನ್ನು ಓಡಿಸುವ ಯಾವ ಗುಂಡಿಯೂ ಸಿಗುವುದಿಲ್ಲ. ಗುಂಡಿ ಇರುವುದು ತಾರಸಿಯ ಮೇಲಿನ ಯಂತ್ರದ ಕೋಣೆಯಲ್ಲಿ. ಆದ್ದರಿಂದ ಒಬ್ಬ ಲಿಫ್ಟಿನ ಮೇಲೆ ನಿಂತು ಹೇಳಬೇಕು, ಇನ್ನೊಬ್ಬ ಕೋಣೆಯಲ್ಲಿ ನಿಂತು ಒತ್ತಬೇಕು. ಕೋಣೆಯ ನೆಲದಲ್ಲಿ ಲಿಫ್ಟಿನ ಹಗ್ಗ ಇಳಿಯುವ ತೂತಿನಲ್ಲಿ ದನಿ ಮಾತ್ರ ಹಾಯುತ್ತದೆ, ಮುಖ ಕಾಣುವುದಿಲ್ಲ. ಅದಕ್ಕೇ ಮೂರು ಮಾತು. ಲಿಫ್ಟಿನ ಮೇಲೆ ನಿಂತವನು "ಬಿಡು" ಅನ್ನಬೇಕು. ಕೋಣೆಯವನು "ಬಿಡ್ತಿದೀನಿ" ಅನ್ನಬೇಕು. ಲಿಫ್ಟಿನ ಮೇಲಿನವನು ತನ್ನ ಕೈಕಾಲು ನೋಡಿಕೊಂಡು "ಹ್ಞೂ" ಅನ್ನಬೇಕು. ಆಮೇಲೆ ಗುಂಡಿ. ಇದು ಕಂಪನಿಯ ನಿಯಮ ಕೂಡ. ತಪ್ಪಿದವನ ಶಾಫ್ಟ್ ಕಾರ್ಡ್, ಅಂದರೆ ಲಿಫ್ಟಿನ ಬಾವಿಗೆ ಇಳಿಯುವ ಪರವಾನಗಿ, ಒಂದು ವರ್ಷ ರದ್ದು, ಅಲ್ಲಿಯವರೆಗೆ ಗೋದಾಮಿನ ಕೌಂಟರಿನಲ್ಲಿ ಕೂತು ನಟ್ಟು ಬೋಲ್ಟು ಎಣಿಸಿ ಕೊಡುವುದು.

ಚಡಪಡಿಗೆ ಈ ಮೂರು ಮಾತು ಗಂಟಲಲ್ಲಿ ಸಿಕ್ಕಿದ ಮುಳ್ಳು. "ಬಿಡು ಅಂದ್ಮೇಲೆ ಬಿಡೋದೇ ತಾನೇ ಅಣ್ಣಾ? ಅದಕ್ಕೆ ಮಂತ್ರ ಬೇರೆ ಹೇಳ್ಬೇಕಾ?" ಎಂದು ಗೊಣಗುತ್ತಿದ್ದ. ಗೊಣಗಿಕೊಂಡೇ ಹೇಳುತ್ತಿದ್ದ.

ಇನ್ನು ರೇಸಿನ ವಿಷಯ. ಕ್ಲಬ್ಬಿನವರು ವರ್ಷಕ್ಕೊಮ್ಮೆ ಜೋಡಿ ರೇಸ್ ಇಡುತ್ತಿದ್ದರು. ಕೆರೆ ಸುತ್ತಿನ ರಸ್ತೆಯಲ್ಲಿ ನಾಲ್ಕು ಸುತ್ತು. ನಿಮಿಷಕ್ಕೊಂದು ಜೋಡಿ ಹೊರಡುತ್ತದೆ, ಎರಡನೆಯವನ ಮುಂದಿನ ಚಕ್ರ ಗೆರೆ ದಾಟಿದಾಗ ಗಡಿಯಾರ ನಿಲ್ಲುತ್ತದೆ. ಮೊದಲನೆಯವನು ಹಾರಿಕೊಂಡು ಬಂದರೂ ಲೆಕ್ಕಕ್ಕಿಲ್ಲ. ಹೋದ ವರ್ಷ ಚಡಪಡಿ ಗೆರೆ ದಾಟಿ, ಸೈಕಲ್ಲಿನಿಂದಿಳಿದು, ತಲೆ ಮೇಲೆ ಕೈ ಹೊತ್ತು ನಿಂತು ಎಷ್ಟೋ ಹೊತ್ತಾದ ಮೇಲೆ ಸಾವಕಾಶ ಸೇತುವೆಯ ಏರು ಹತ್ತಿ, ಬೆವರೊರೆಸಿಕೊಳ್ಳುತ್ತಾ ಬಂದ. ನಾಲ್ಕನೆಯ ಸ್ಥಾನ. ಅದಕ್ಕೂ ಹಿಂದಿನ ವರ್ಷವೂ ನಾಲ್ಕನೆಯದೇ. ಗೆದ್ದವರಿಗೆ ಸಿಗುವುದು ಒಂದು ತಗಡಿನ ಬಟ್ಟಲು, ಕೈಕುಲುಕು, ಒಂದು ಫೋಟೋ. ಆ ತಗಡಿನ ಬಟ್ಟಲಿಗಾಗಿ ಚಡಪಡಿ ಹಪಹಪಿಸುತ್ತಿದ್ದ. ನಲವತ್ತು ಹತ್ತಿರವಾಗುತ್ತಿತ್ತು. ಒಂದೇ ಒಂದು ಸಲ ಗೆಲ್ಲಬೇಕು ಎನ್ನುವುದು ಅವನಿಗೆ ಹಿಡಿದ ಹುಚ್ಚು.

ಹಾಗಿರುವಾಗ ಹಲ್ಲಿನ ಡಾಕ್ಟರು ಕೇಳಿದರು. ಇವರೂ ಕ್ಲಬ್ಬಿನವರೇ, ಒಂದೇ ಬೆರಳಲ್ಲಿ ಎತ್ತಬಹುದಾದ ಸೈಕಲ್ಲು ಅವರದ್ದು. ಅವರ ಜೊತೆಗಾರ ಬೇರೆ ಊರಿಗೆ ಹೋಗಿದ್ದ. "ಈ ಸಲ ನನ್ನ ಜೊತೆ ನೀವು..." ಎಂದು ಡಾಕ್ಟರು ಶುರುಮಾಡಿದರು. "ಬರ್ತೀನಿ" ಎಂದ ಚಡಪಡಿ. ಪ್ರಶ್ನೆ ಮುಗಿಯಲೂ ಬಿಡಲಿಲ್ಲ, ಪುಣ್ಯಾತ್ಮ.

ಅದಾಗಿ ಮೂರು ವಾರ. ಆ ಮೂರು ವಾರವೂ ಅವನು ಬೆಳಗಿನ ಅಭ್ಯಾಸಕ್ಕೆ ಸಾವಕಾಶನ ಜೊತೆಗೇ ಹೋದ, ಹೇಳಲಿಲ್ಲ. ಇವತ್ತು ಹೇಳೋಣ ಅಂದುಕೊಳ್ಳುವುದು, ಆ ಅಗಲ ಮುಖ ಕಂಡೊಡನೆ ಬೇರೇನೋ ಮಾತು ತೆಗೆಯುವುದು. ಎಲ್ಲದರಲ್ಲೂ ಅವಸರದವನಿಗೆ ಇದೊಂದರಲ್ಲಿ ಎಲ್ಲಿಲ್ಲದ ನಿಧಾನ ಬಂದಿತ್ತು. ಅಷ್ಟರ ಮೇಲೆ ರೇಸಿನ ವಾರದ ಸೋಮವಾರ ಸಾವಕಾಶ ಹೊಸ ಟೈರು ತಂದ. ಒಂದು ಜೊತೆಯಲ್ಲ, ಎರಡು ಜೊತೆ.

"ಇಬ್ಬರಿಗೂ ಒಂದೇ ಥರದ್ದು ಕಣೋ. ಈ ಸಲ ಸೇತುವೆ ಏರಲ್ಲಿ ನಿನ್ನ ಹಿಂದಿನ ಚಕ್ರ ಬಿಡೋನಲ್ಲ ನಾನು. ನೋಡ್ತಿರು."

ಚಡಪಡಿ ಟೈರು ಹಿಡಿದುಕೊಂಡು "ಚೆನ್ನಾಗಿದೆ" ಎಂದ. ಥೂ, ಹೇಡಿ ಎಂದು ತನ್ನನ್ನು ತಾನೇ ಬೈದುಕೊಂಡ. ಬೈದುಕೊಂಡೂ ಹೇಳಲಿಲ್ಲ.

ಗುರುವಾರ ಹದಿನಾಲ್ಕು ಅಂತಸ್ತಿನ ಹಳೆಯ ಕಚೇರಿ ಕಟ್ಟಡವೊಂದರಲ್ಲಿ ಕೆಲಸ. ಲಿಫ್ಟನ್ನು ಕೊನೆಯ ಅಂತಸ್ತಿನ ಕೆಳಗೆ ನಿಲ್ಲಿಸಿ ಸಾವಕಾಶ ಅದರ ನೆತ್ತಿಯ ಮೇಲಿದ್ದ, ಹಳಿಗಳಿಗೆ ಗ್ರೀಸು ಹಚ್ಚಿ, ಗೋಡೆಯ ಬ್ರಾಕೆಟ್ಟುಗಳ ಬೋಲ್ಟು ಬಿಗಿಯುತ್ತಾ. ಒಂದೊಂದು ಬ್ರಾಕೆಟ್ಟು ಮುಗಿದ ಹಾಗೆ ಲಿಫ್ಟನ್ನು ಸ್ವಲ್ಪ ಕೆಳಗಿಳಿಸಬೇಕು. ಚಡಪಡಿ ಯಂತ್ರದ ಕೋಣೆಯಲ್ಲಿ, ಗುಂಡಿಯ ಮುಂದೆ, ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತಿದ್ದ. ಕೋಣೆಯೊಳಗೆ ಬಿಸಿಯೆಣ್ಣೆಯ ವಾಸನೆ. ಆಗ ಅವನಿಗೆ ಹೊಳೆಯಿತು: ಇಲ್ಲಿಂದ ಅಣ್ಣನ ಮುಖ ಕಾಣುವುದಿಲ್ಲ. ಹೇಳುವುದಾದರೆ ಈಗಲೇ.

ಅವನು ಹಗ್ಗದ ತೂತಿನ ಪಕ್ಕ ಬಗ್ಗಿದ.

"ಅಣ್ಣಾ."

"ಏನೋ?"

"ಭಾನುವಾರ ನಾನು ಹಲ್ಲಿನ ಡಾಕ್ಟ್ರ ಜೊತೆ ಓಡಿಸ್ತೀನಿ. ಮೂರು ವಾರದ ಹಿಂದೇನೇ ಒಪ್ಕೊಂಡೆ. ಒಂದ್ಸಲ ಗೆಲ್ಬೇಕು ಅಣ್ಣಾ, ಅದಕ್ಕೆ."

ಕೆಳಗೆ ಸ್ಪ್ಯಾನರಿನ ಸದ್ದು ನಿಂತಿತು. ಚಡಪಡಿ ನೆಟ್ಟಗಾಗಿ ಗುಂಡಿಯ ಮೇಲೆ ಬೆರಳಿಟ್ಟ. ಬೈದರೆ ಬೈಯಲಿ, ಬೇಗ ಬೈದು ಮುಗಿಸಲಿ. ಸಾವಕಾಶ ಬೈಯಲಿಲ್ಲ. ತೂತಿನಿಂದ ಒಂದೇ ಮಾತು ಬಂತು.

"ಬಿಡು."

ಚಡಪಡಿಯ ಬೆರಳು ಗುಂಡಿ ಒತ್ತಿತು.

ಒಂದು ಗೇಣೂ ಇಳಿದಿರಲಿಲ್ಲ. "ಅಯ್ಯೋ, ನಿಲ್ಸೋ, ನಿಲ್ಸು!" ಎಂಬ ಕೂಗು ಕೇಳಿದ ಕೂಡಲೇ ಬೆರಳು ತೆಗೆದ. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಲಿಫ್ಟಿನ ನೆತ್ತಿಯ ಉಕ್ಕಿನ ತೊಲೆಗೂ ಗೋಡೆಯ ಬ್ರಾಕೆಟ್ಟಿಗೂ ನಡುವೆ ಸಾವಕಾಶನ ಎಡಗೈಯ ಎರಡು ಬೆರಳು ಸಿಕ್ಕಿದ್ದವು.

ಆಸ್ಪತ್ರೆಯಲ್ಲಿ ಎರಡು ಬೆರಳಿಗೂ ಕಂಬಿ ಹಾಕಿ ಕಟ್ಟಿದರು. ಮೂಳೆ ಮುರಿದಿದೆ, ಬೆರಳು ಉಳಿಯುತ್ತವೆ ಎಂದರು. ಸಂಜೆಯ ಹೊತ್ತಿಗೆ ಕಂಪನಿಯ ಸಾಹೇಬರು ಒಂದು ಕಾಗದ ಹಿಡಿದು ಮಂಚದ ಬಳಿ ಬಂದು ನಿಂತರು. ಚಡಪಡಿ ಗೋಡೆಗೆ ಒರಗಿದ್ದ. ಆವತ್ತು ಮಾತ್ರ ಅವನ ಕಾಲು ಅಲ್ಲಾಡುತ್ತಿರಲಿಲ್ಲ.

"ಬಿಡು ಅಂತ ಹೇಳಿದ್ದು ಯಾರು?" ಎಂದು ಸಾಹೇಬರು ಕೇಳಿದರು.

"ನಾನೇ ಸಾರ್" ಎಂದ ಸಾವಕಾಶ.

"ಇವನು ತಿರುಗಿ ಹೇಳಿದ್ನಾ?"

"ಹೇಳಿದ. ನಾನೇ ಕೈ ತೆಗೀದೆ ಹ್ಞೂ ಅಂದ್ಬಿಟ್ಟೆ."

ಸಾಹೇಬರಿಗೆ ನಂಬಿಕೆ ಬರಲಿಲ್ಲ. ಮೂರು ಸಲ ಮುಟ್ಟಿ ನೋಡುವವನು ಇವನು. ಆದರೂ ಬರೆದುಕೊಂಡರು. "ಸೋಮವಾರ ಇಬ್ಬರೂ ಬಂದು ಸಹಿ ಹಾಕಿ. ನಿನ್ನ ಕಾರ್ಡು ಹೋಗುತ್ತೆ, ಗೊತ್ತಲ್ಲ?" ಎಂದು ಸಾವಕಾಶನಿಗೆ ಹೇಳಿ ಹೊರಟರು.

"ಯಾಕಣ್ಣಾ ಹಾಗಂದೆ?" ಎಂದ ಚಡಪಡಿ.

"ನಿನ್ನನ್ನ ಕೌಂಟರಲ್ಲಿ ಕೂರಿಸಿದ್ರೆ ಮೂರು ದಿನಕ್ಕೆ ಹುಚ್ಚು ಹಿಡಿಯುತ್ತೆ. ನನಗೇನು, ಎಲ್ಲಿ ಬೇಕಾದ್ರೂ ಕೂರ್ತೀನಿ." ಸಾವಕಾಶ ಆ ಕಡೆ ಹೊರಳಿ ಮಲಗಿದ. "ಹೋಗು. ನಿದ್ದೆ ಬರ್ತಿದೆ ನನಗೆ."

ಶುಕ್ರವಾರ ಚಡಪಡಿ ಮನೆಯಲ್ಲಿ ಹಿಂದೆ ಮುಂದೆ ಓಡಾಡಿದ. ನಲ್ಲಿ ತಿರುಗಿಸಿ ನಿಲ್ಲಿಸಿದ, ಸೈಕಲ್ಲಿನ ಚೈನು ಎರಡು ಸಲ ಒರೆಸಿದ, ಹೊಸ ಟೈರಿನ ಗಾಳಿ ಮೂರು ಸಲ ನೋಡಿದ. ಒಗೆದ ಬಟ್ಟೆ ಮಡಚುತ್ತಿದ್ದ ಹೆಂಡತಿಗೆ ಕೊನೆಗೆ ಎಲ್ಲವನ್ನೂ ಒದರಿದ. "ಅವನೇ ತಾನೇ ಬಿಡು ಅಂದಿದ್ದು? ನನ್ನ ಕಿವಿಯಾರೆ ಕೇಳಿದೀನಿ. ಅಂದಿದ್ದು ನಿಜ ತಾನೇ?" ಎಂದ.

ಅವಳು ಅಂಗಿಯೊಂದನ್ನು ಅರ್ಧ ಮಡಚಿ ಹಿಡಿದು ಅವನನ್ನೇ ನೋಡಿದಳು.

"ರೀ, ಅವರು ಬಿಡು ಅಂದಿದ್ದು ಲಿಫ್ಟಿಗಲ್ಲ."

ಅವನಿಗೆ ಗೊತ್ತಿರಲಿಲ್ಲವೇ? ಬೆರಳು ಗುಂಡಿಯ ಮೇಲಿದ್ದಾಗಲೇ ಗೊತ್ತಿತ್ತು. ಇರಲಿ ಬಿಡು, ಹೋಗಲಿ ಬಿಡು ಅನ್ನುತ್ತೇವಲ್ಲ, ಮನಸ್ಸು ನೊಂದಾಗ, ಆಡುವುದಕ್ಕೆ ಬೇರೇನೂ ಉಳಿಯದಾಗ, ಆ ಬಿಡು ಅದು. ತಿರುಗಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ಬಿಡ್ತಿದೀನಿ ಎಂದಿದ್ದರೆ ಅಣ್ಣ "ಲೋ, ಲಿಫ್ಟಿಗಲ್ಲ ಕಣೋ" ಎಂದು ಬೈದಿರುತ್ತಿದ್ದ. ಅಷ್ಟೇ ಆಗಿರುತ್ತಿತ್ತು. ಚಡಪಡಿ ಮೆಟ್ಟಿಲ ಮೇಲೆ ಹೋಗಿ ಕೂತ, ಎದ್ದ, ಮತ್ತೆ ಕೂತ.

ಶನಿವಾರ ಡಾಕ್ಟರಿಗೆ ಬರುವುದಿಲ್ಲ ಎನ್ನಲು ಫೋನು ಕೈಗೆತ್ತಿಕೊಂಡ. ಅವರಿಗೆ ಈಗ ಬೇರೆ ಜೋಡಿ ಎಲ್ಲಿ ಸಿಗಬೇಕು? ಅವರ ತಪ್ಪೇನು? ಫೋನು ಕೆಳಗಿಟ್ಟ. ಗೆಲ್ಲುವ ಆಸೆಯೂ ಸತ್ತಿರಲಿಲ್ಲ, ಸುಳ್ಳೇಕೆ ಹೇಳಲಿ. ಹಾಳಾದ್ದು ಇನ್ನೂ ಒಳಗೆ ಕುದಿಯುತ್ತಲೇ ಇತ್ತು.

ಭಾನುವಾರ ಬೆಳಗ್ಗೆ ಗೆರೆಯ ಬಳಿ ಹೋದಾಗ, ಕೈಗೆ ಬಿಳಿ ಕಟ್ಟು ಹಾಕಿಕೊಂಡು ಸಾವಕಾಶ ನಿಂತಿದ್ದ. ಹೊರಡುವ ಹೊತ್ತಿಗೆ ಕಾಲು ಎರಡೂ ಪೆಡಲಿನ ಮೇಲಿರಬೇಕು, ಆದ್ದರಿಂದ ಹಿಂದಿನಿಂದ ಒಬ್ಬರು ಸೀಟು ಹಿಡಿದುಕೊಳ್ಳುತ್ತಾರೆ. ಬಾವುಟ ಇಳಿದಾಗ ಕೈ ತೆಗೆಯುತ್ತಾರೆ.

"ನಿನ್ನ ಸೀಟು ನಾನು ಹಿಡೀತೀನಿ" ಎಂದ ಸಾವಕಾಶ.

"ಒಂದೇ ಕೈಲಾ?"

"ಒಂದು ಕೈ ಚೆನ್ನಾಗೇ ಇದೆ. ಹತ್ತು."

ಚಡಪಡಿ ಹತ್ತಿ ಕೂತ. ಪಕ್ಕದಲ್ಲಿ ಡಾಕ್ಟರು ತಲೆ ತಗ್ಗಿಸಿ ಸಿದ್ಧವಾಗಿದ್ದರು, ಅವರ ಸೀಟು ಕ್ಲಬ್ಬಿನ ಕಾರ್ಯದರ್ಶಿಯ ಕೈಯಲ್ಲಿತ್ತು. ಐದು, ನಾಲ್ಕು, ಮೂರು. ಚಡಪಡಿಯ ತೊಡೆಯ ನರ ಬಿಗಿದವು. ಎರಡು, ಒಂದು. ಬಾವುಟ ಇಳಿಯಿತು. ಡಾಕ್ಟರು ಹಾರಿಹೋದರು.

ಚಡಪಡಿಯ ಸೈಕಲ್ಲು ಇದ್ದಲ್ಲೇ ಇತ್ತು.

"ಅಣ್ಣಾ!"

"ನೀನು ಹೇಳ್ಲೇ ಇಲ್ವಲ್ಲೋ. ಹೇಳದೆ ನಾನು ಬಿಡಲ್ಲ. ಗುರುವಾರದಿಂದ ನನಗೆ ಭಯ."

ಸುತ್ತ ನಿಂತವರು ನಕ್ಕರು. ಸಾವಕಾಶ ನಗುತ್ತಿರಲಿಲ್ಲ, ಅದು ತಮಾಷೆಯಾಗಿರಲಿಲ್ಲ. ಬಿಡು ಅಂದರೆ ಆಯಿತು. ಎರಡೇ ಅಕ್ಷರ. ಚಡಪಡಿ ಬಾಯಿ ತೆರೆದ, ಆ ಎರಡಕ್ಷರ ಹೊರಬರಲಿಲ್ಲ. ಕಾರ್ಯದರ್ಶಿ ಗಡಿಯಾರ ತೋರಿಸಿ ಕೂಗುತ್ತಿದ್ದ. ಹತ್ತು ಸೆಕೆಂಡು, ಹದಿನೈದು. ಬದುಕಿನಲ್ಲಿ ಮೊದಲ ಸಲ ಅವನು ಗಡಿಯಾರದ ಕಡೆ ತಿರುಗಲಿಲ್ಲ. ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟು ಹೇಳಿದ:

"ಆವತ್ತು ನೀನು ಬಿಡು ಅಂದಿದ್ದು ಲಿಫ್ಟಿಗಲ್ಲ."



"ಅಲ್ಲ" ಎಂದ ಸಾವಕಾಶ.

"ನಾನು ತಿರುಗಿ ಹೇಳ್ಲಿಲ್ಲ. ನಾಳೆ ಸಾಹೇಬರ ಹತ್ರ ನಾನೇ ಹೇಳ್ತೀನಿ. ಕಾರ್ಡು ನಂದೇ ಹೋಗಲಿ."

"ಕೌಂಟರಲ್ಲಿ ಕೂರೋಕಾಗುತ್ತೇನೋ ನಿನ್ನ ಕೈಲಿ?"

"ಆಗಲ್ಲ. ಆದ್ರೂ ಕೂರ್ತೀನಿ."

"ತುಂಬಾ ನೋವಾಯ್ತು ಕಣೋ" ಎಂದ ಸಾವಕಾಶ. "ಬೆರಳಿಗಲ್ಲ. ಡಾಕ್ಟ್ರ ಜೊತೆ ಹೋಗ್ತೀಯ ಅಂತಾನೂ ಅಲ್ಲ. ಮೂರು ವಾರ ಪಕ್ಕದಲ್ಲೇ ಇದ್ಕೊಂಡು ಸುಮ್ಮನಿದ್ದೆಯಲ್ಲ. ಟೈರು ಕೊಟ್ಟಾಗ್ಲೂ."

"ತಪ್ಪಾಯ್ತು ಅಣ್ಣಾ."

"ಹ್ಞೂ. ತಪ್ಪೇ." ಸಾವಕಾಶ ಮೂಗೆಳೆದುಕೊಂಡ. "ಡಾಕ್ಟ್ರು ನೋಡು, ತಿರುವಲ್ಲಿ ನಿಂತ್ಕೊಂಡು ಹಿಂದಕ್ಕೆ ನೋಡ್ತಿದಾರೆ ಪಾಪ. ನಿನ್ನ ಚಕ್ರ ಬರದೆ ಅವರ ಗಡಿಯಾರ ನಿಲ್ಲಲ್ಲ."

"ಗೆಲ್ಲೋದು ಮುಗೀತು."

"ಗೆಲ್ಲೋದು ತಾನೇ ಮುಗಿದಿದ್ದು. ನಾಲ್ಕು ಸುತ್ತು ಹಾಗೇ ಇದೆ."

ಚಡಪಡಿ ತಲೆ ಎತ್ತಿದ. ಮುಂದೆ ರಸ್ತೆ ಖಾಲಿಯಿತ್ತು. ಉಸಿರು ಒಂದು ಹದಕ್ಕೆ ಬರುವವರೆಗೆ ಕಾದ.

"ಬಿಡು" ಎಂದ.

"ಬಿಡ್ತಿದೀನಿ" ಎಂದ ಸಾವಕಾಶ.

ಚಡಪಡಿ ತನ್ನ ಕೈ ನೋಡಿಕೊಂಡ, ಕಾಲು ನೋಡಿಕೊಂಡ. ಕತ್ತು ತಿರುಗಿಸಿ, ಕಟ್ಟು ಹಾಕಿದ ಆ ಎಡಗೈ ಚಕ್ರದಿಂದ ದೂರವಿದೆಯೇ ಎಂದು ನೋಡಿದ. ದೂರವಿತ್ತು.

"ಹ್ಞೂ" ಎಂದ.