ಹಿಗ್ಗಿದ ಕೊಂಡಿ, ಮುಚ್ಚಿದ ಬಾಯಿ

ಸುವಾ ಪಟ್ಟಣದ ವಾಲು ಕೊಲ್ಲಿಯ ದಡದಲ್ಲಿ ದೋಣಿ, ಹಡಗು ರಿಪೇರಿ ಮಾಡುವ ಅಂಗಳವೊಂದಿದೆ. ನೆಮಾನಿ ಅಲ್ಲಿ ಹದಿನೆಂಟು ವರ್ಷದಿಂದ ಕ್ರೇನಿಗೆ ಭಾರ ಕಟ್ಟುವ ಕೆಲಸ ಮಾಡುತ್ತಿದ್ದ. ಮುಂದಿನ ಮೇಸ್ತ್ರಿ ತಾನೇ ಎಂದು ಕೇರಿಗೆಲ್ಲ ಹೇಳಿಕೊಂಡಿದ್ದ. ಆದರೆ ಮೇಸ್ತ್ರಿ ಆದದ್ದು ಅವನ ಸೋದರಮಾವನ ಮಗ ಇಲೈತಿಯಾ. ಅವನು ಎರಡು ವರ್ಷ ಆಸ್ಟ್ರೇಲಿಯಾದ ಬಂದರಿನಲ್ಲಿ ದುಡಿದು, ತರಬೇತಿಯ ಕಾಗದ ಹಿಡಿದು ವಾಪಸು ಬಂದಿದ್ದ.

ಬಂದವನೇ ನೆಲದ ಮೇಲೆ ಬಿದ್ದಿದ್ದ ಎತ್ತುವ ಸರಪಣಿಗಳನ್ನೆಲ್ಲ ಗೋಡೆಗೆ ತೂಗುಹಾಕಿಸಿದ. ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಒರೆಸಿ, ತೆಳ್ಳಗೆ ಎಣ್ಣೆ ಸವರಿಸಿದ.

"ಏನ್ ಭಾವ, ಸರಪಣಿಗೆ ಬಾಣಂತನ ಮಾಡ್ತಿದ್ದೀಯಾ?" ಎಂದ ನೆಮಾನಿ.

"ಹೂಂ ಭಾವ. ನೀನು ಹದಿನೆಂಟು ವರ್ಷ ಹೆತ್ತು ಹೆತ್ತು ಬಿಸಾಕಿದ್ದೀಯ. ಆರೈಕೆ ನಾನಾದ್ರೂ ಮಾಡ್ಬೇಕಲ್ಲ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನೆಮಾನಿಯ ಹೊಟ್ಟೆ ಮಾತ್ರ ಉರಿಯಿತು. ಗೇಟಿನ ಹೊರಗೆ ಊಟ ಮಾರುವ ಅವನ ಹೆಂಡತಿ ಮೆರೆಸೇನಿಯೂ ಅಂದು "ಇಲೈತಿಯಾ ಬಂದ್ಮೇಲೆ ಅಂಗಳ ಎಷ್ಟು ಚೊಕ್ಕ ಆಗಿದೆ" ಎಂದಾಗ ಅವನು ತಟ್ಟೆ ಪಕ್ಕಕ್ಕೆ ಸರಿಸಿದ.

ಒಂದು ಸೋಮವಾರ ಸಂಜೆ. ಮರುದಿನ ದೋಣಿಯೊಂದರ ನಾಲ್ಕು ಟನ್ ಎಂಜಿನ್ ಎತ್ತಬೇಕಿತ್ತು. ಇಲೈತಿಯಾ ಒಂದೇ ಬಳೆಯಿಂದ ಎರಡು ಕವಲಾಗಿ ಇಳಿಯುವ, ಎರಡು ಕಾಲಿನ ಸರಪಣಿ ಆರಿಸಿದ.

"ಆ ಮೂಲೇಲಿರೋ ಲಂಗರಿನ ಸರಪಣಿ ತಗೋಬಾರ್ದಾ? ನನ್ನ ಮುಂಗೈಯಷ್ಟು ದಪ್ಪ ಇದೆ" ಎಂದ ನೆಮಾನಿ.

"ದಪ್ಪ ನೋಡಿ ನಂಬಬಾರ್ದು ಭಾವ. ಅದು ಹಡಗು ನಿಲ್ಸೋಕೆ ಮಾಡಿದ್ದು, ಭಾರ ಎತ್ತೋಕಲ್ಲ. ಎತ್ತೋ ಸರಪಣಿಗೆ ಈ ಬಿಲ್ಲೆ ಇರ್ತದೆ. ಎಷ್ಟು ಭಾರ ತಡೀತದೆ ಅಂತ ಬರ್ದಿರ್ತದೆ. ಬಿಲ್ಲೆ ಇಲ್ಲ ಅಂದ್ರೆ ಮುಟ್ಟಬೇಡ."

"ಬಿಲ್ಲೇಲಿ ನಾಲ್ಕಕ್ಕಿಂತ ಹೆಚ್ಚೇ ಬರ್ದಿದೆಯಲ್ಲ. ನಾಲ್ಕು ಟನ್‌ಗೆ ಅಷ್ಟು ಯಾಕೆ ಮತ್ತೆ?"

"ಸರಪಣಿ ಕಾಲು ಅಗಲ ಆದಷ್ಟೂ ಎಳೆತ ಹೆಚ್ಚು. ಒಂದು ಬಕೆಟ್ ನೀರನ್ನ ನೀನೂ ನಾನೂ ದೂರ ದೂರ ನಿಂತು ಹಿಡ್ಕೊಂಡು ನೋಡೋಣ. ತೋಳು ಕಿತ್ತು ಬರ್ತದೆ!"

ನೆಮಾನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಇಲೈತಿಯಾನ ಬಾಯಿಂದ ಕೇಳಲು ಕಹಿಯಾಯಿತು. ಇಲೈತಿಯಾ ಅಂದೇ ಒಂದೊಂದು ಕೊಂಡಿಯನ್ನೂ ನೋಡಿ, ಸರಿಯಿದೆ ಎಂದು ಬರೆದಿಟ್ಟ.

ಮಂಗಳವಾರ ಬೆಳಿಗ್ಗೆ ಬಣ್ಣ ಬಳಿಯುವವರು ಯಾರನ್ನೂ ಕೇಳದೆ ಅದೇ ಸರಪಣಿ ಒಯ್ದು, ಹಡಗಿನ ಚುಕ್ಕಾಣಿಯೊಂದಕ್ಕೆ ಕಟ್ಟಿ, ಚೂಪು ಅಂಚಿನ ಮೇಲೆ ದರದರ ಎಳೆದು, ಮತ್ತೆ ತಂದು ನೇತುಹಾಕಿದರು. ಆಮೇಲೆ ಅದನ್ನು ಇಳಿಸಲು ಹೋದ ನೆಮಾನಿಯ ಹೆಬ್ಬೆರಳಿಗೆ ಏನೋ ತಾಗಿತು. ಕೊಕ್ಕೆಯಿಂದ ಮೂರನೇ ಕೊಂಡಿ. ಅದರ ಮೈಮೇಲೆ ಉಗುರು ಸಿಕ್ಕುವಷ್ಟು ಆಳದ ಗಾಯ. ಕೊಂಡಿ ಪಕ್ಕದ್ದಕ್ಕಿಂತ ಉದ್ದಕ್ಕೆ ಹಿಗ್ಗಿತ್ತು, ಸಲೀಸಾಗಿ ಹೊರಳುತ್ತಿರಲಿಲ್ಲ.

ಕೂಗಿ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಂಗಳದ ಯಜಮಾನರು ಇಲೈತಿಯಾನ ಬೆನ್ನು ತಟ್ಟುತ್ತಿರುವುದು ಕಂಡಿತು. ಬಾಯಿ ಮುಚ್ಚಿಕೊಂಡ. 'ಹರಿಯಲಿ. ಆ ಕಾಗದದ ಬಂಡವಾಳ ಎಲ್ಲರಿಗೂ ಗೊತ್ತಾಗಲಿ.' ಸರಪಣಿಯನ್ನು ಕ್ರೇನಿನ ಹತ್ತಿರ ಇಟ್ಟು ಊಟಕ್ಕೆ ನಡೆದ.

ಮೆರೆಸೇನಿ ಮರಗೆಣಸು, ತೆಂಗಿನಹಾಲಿನ ಮೀನು ಬಡಿಸಿದಳು. ನೆಮಾನಿಗೆ ತಡೆಯಲಾಗಲಿಲ್ಲ.

"ಇವತ್ತು ನೋಡ್ತಿರು, ನಿನ್ನ ಇಲೈತಿಯಾನ ಮಾನ ಹೋಗ್ತದೆ" ಎಂದು ಕಂಡದ್ದನ್ನೆಲ್ಲ ಹೇಳಿದ.

ಅವಳ ಕೈಯ ಸೌಟು ನಿಂತಿತು. "ಎಂಜಿನ್ ಹತ್ರ ಯಾರು ನಿಂತಿರ್ತಾರೆ?"

"ಅವನೇ. ಇನ್ನಿಬ್ರು."

"ಮಾನ ಹೋಗ್ತದಾ, ಪ್ರಾಣ ಹೋಗ್ತದಾ?"

ನೆಮಾನಿ ತಟ್ಟೆಯಲ್ಲಿ ಮೀನಿನ ಮುಳ್ಳು ಆರಿಸತೊಡಗಿದ.

"ನಾಳೆ ನಿನ್ನ ಸೋದರಮಾವನ ಮುಂದೆ ನಾನು ಯಾವ ಮುಖ ಇಟ್ಕೊಂಡು ಅಳಲಿ? ಏಳು ಮೇಲೆ!"

ಅವನು ಎದ್ದು ಓಡಿದ. ಅಂಗಳ ಮುಟ್ಟುವ ಹೊತ್ತಿಗೆ ಸರಪಣಿ ಬಿಗಿದಿತ್ತು. ಎಂಜಿನ್ ಒಂದು ಗೇಣು ಮೇಲೆದ್ದಿತ್ತು. ಇಲೈತಿಯಾ ಅದರ ಪಕ್ಕದಲ್ಲೇ ಇದ್ದ.

"ನಿಲ್ಸಿ! ದೂರ ಸರೀರಿ! ಇಳಿಸಿ!"

ಕ್ರೇನಿನವನು ಮೆಲ್ಲಗೆ ಇಳಿಸಿದ. ಇಲೈತಿಯಾ ಕೊಂಡಿಯನ್ನು ನೋಡಿದ. ಗಾಯದ ಬುಡದಲ್ಲಿ ಕೂದಲೆಳೆಯಂಥ ಬಿರುಕು ಹೊಸದಾಗಿ ಬಾಯಿ ತೆರೆದಿತ್ತು.

"ಯಾವಾಗ ನೋಡ್ದೆ ಭಾವ?"

ಈಗ ಕಂಡೆ ಎಂದು ಸುಳ್ಳು ಹೇಳಬಹುದಿತ್ತು. "ಬೆಳಿಗ್ಗೆ" ಎಂದ ನೆಮಾನಿ. "ನಿನಗೆ ಅವಮಾನ ಆಗ್ಲಿ ಅಂತ ಸುಮ್ನಿದ್ದೆ."

ಇಲೈತಿಯಾನ ಮುಖ ಕೆಂಪಾಯಿತು. ಕೊಂಡಿಯಿಂದ ಕೈ ತೆಗೆದು ಅವನು ಅಂದ: "ಇದನ್ನ ನಾನು ಬೇಗ ಮರೆಯಲ್ಲ. ಆದ್ರೆ ಕಟ್ಟೋ ಮುಂಚೆ ಇವತ್ತು ಮತ್ತೆ ನೋಡ್ಬೇಕಾದವನು ನಾನು. ನೋಡ್ಲಿಲ್ಲ. ನಿನ್ನನ್ನ ಕೇಳಬಹುದಿತ್ತು. ಕೇಳಿದ್ರೆ ನಿನಗೇ ಹೆಚ್ಚು ಗೊತ್ತು ಅಂತ ಎಲ್ರಿಗೂ ತಿಳೀತದಲ್ಲ, ಅದಕ್ಕೇ ಕೇಳ್ಲಿಲ್ಲ. ನಿನ್ನ ಬೆರಳಿಗೇ ಕಣ್ಣಿದೆ ಭಾವ. ನನಗೆ ಅದೇ ಹೊಟ್ಟೆಕಿಚ್ಚು."

"ನಿನಗೂ ಇತ್ತಾ? ನಾನೊಬ್ನೇ ಸುಟ್ಕೋತಿದ್ದೀನಿ ಅಂದ್ಕೊಂಡಿದ್ದೆ!"

"ಈ ಕೊಂಡಿಗೆ ಒಂದು ಬೆಸುಗೆ ಹಾಕಿಬಿಡ್ಲಾ?" ಎಂದು ವೆಲ್ಡರ್ ಕೇಳಿದ.

"ಬೇಡ!" ಎಂದರು ಇಬ್ಬರೂ ಒಟ್ಟಿಗೇ. ಬೆಂಕಿ ತಾಗಿದ ಸರಪಣಿಯ ಕಸುವು ಹೋಗುತ್ತದೆ. ಇನ್ನಾರೂ ಬಳಸದಂತೆ ಅದನ್ನು ತುಂಡರಿಸಿದರು. ಬೇರೆ ಸರಪಣಿಯನ್ನು ಇಬ್ಬರೂ ಕೂಡಿ ನೋಡಿದ ಮೇಲೆಯೇ ಎಂಜಿನ್ ಎದ್ದಿತು.

ಇಲೈತಿಯಾನ ಬೆನ್ನು ತಟ್ಟುವುದನ್ನು ಕಂಡರೆ ನೆಮಾನಿ ಇಂದಿಗೂ ಸಮುದ್ರದ ಕಡೆ ಮುಖ ತಿರುಗಿಸುತ್ತಾನೆ. ಆದರೆ ಆ ಅಂಗಳದಲ್ಲಿ ಈಗ ಇಬ್ಬರು ನೋಡದೆ ಯಾವ ಭಾರವೂ ಏಳುವುದಿಲ್ಲ.

ಭಾರ ಎತ್ತುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಬಿಲ್ಲೆ ಓದಿ ಸರಪಣಿ ಆರಿಸಿ. ಪ್ರತಿ ಸಲವೂ ಒಂದೊಂದು ಕೊಂಡಿಯನ್ನು ಮುಟ್ಟಿ ನೋಡಿ. ಸವೆದಿದ್ದರೆ, ಹಿಗ್ಗಿದ್ದರೆ, ಸೀಳಿದ್ದರೆ, ಗಂಟಾಗಿದ್ದರೆ, ಕೊಕ್ಕೆಯ ಬಾಯಿ ಅಗಲವಾಗಿದ್ದರೆ ಪಕ್ಕಕ್ಕಿಡಿ. ಚೂಪು ಅಂಚಿಗೆ ಮೆತ್ತೆ ಕೊಡಿ. ತೂಗುವ ಭಾರದಿಂದ ದೂರ ನಿಲ್ಲಿ. ಯಾರ ಮೇಲೆ ಎಷ್ಟೇ ಹೊಟ್ಟೆಯುರಿ ಇರಲಿ, ಕಂಡ ದೋಷವನ್ನು ಆ ಕ್ಷಣವೇ ಹೇಳಿ. ಹೇಳಿದರೆ ಹೋಗುವುದು ಒಂದು ಸರಪಣಿ. ಹೇಳದಿದ್ದರೆ ಹೋಗುವುದು ಯಾರದೋ ಅಪ್ಪ, ಯಾರದೋ ಗಂಡ, ನಿಮ್ಮದೇ ಭಾವ.