ರಜೆ ಸಿಗದ ಬೀಗರು

"ಎತ್ತಿಬಿಡೋಣ್ರಿ, ಬಿಸಲ ಏರಾಕತ್ತದ," ಎಂದು ಮೂರನೆಯ ಸಲ ಹೇಳಿ ಸೂರ್ಯಕಾಂತ ಅಪ್ಪನ ಬೆನ್ನ ಹಿಂದೆ ಕೈ ಹಾಕಿದ. ಗೋಡೆಗೆ ಒರಗಿಸಿ ಕೂರಿಸಿದ್ದ ದೇಹ ತುಸು ವಾಲಿತು. ಚನ್ನಬಸಪ್ಪ ಅವನ ರಟ್ಟೆ ಹಿಡಿದು ತಡೆದರು. ಬಸವಕಲ್ಯಾಣದ ಕೋಟೆಯ ಹಿಂದಿನ ಆ ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮುಂದೆ ನಿಂತು ನಡೆಸಿಕೊಡುವ ಹಿರಿಯರು ಅವರು. ಅವರ ಮಾತು ಮೀರಿ ಅಲ್ಲಿ ಹೆಣವೂ ಏಳುತ್ತಿರಲಿಲ್ಲ.

"ಏನ್ ಗಡಿಬಿಡಿನೋ ಮಾಸ್ತರ? ಹುಮನಾಬಾದದಿಂದ ನಿಮ್ಮ ಮಾವ ಬರಬೇಕು. ಬೀಗರು ರುಮಾಲ ಸುತ್ತದ ಹ್ಯಾಂಗ ಎತ್ತೋದು?"

"ಬಸ್ಸಿಗಿ ಕಾಯ್ಕೋತ ನಿಂತಿರಬೇಕ್ರಿ. ಎಷ್ಟ ದೇರ ಆಗ್ತದೋ ಏನೋ."

"ಆಗ್ಲಿ. ನಿಮ್ಮಪ್ಪಗ ಈಗ ಯಾವ ಡ್ಯೂಟಿ ಅದ?"

ನೆರೆದವರಲ್ಲಿ ಒಬ್ಬಿಬ್ಬರು ನಗು ನುಂಗಿಕೊಂಡರು. ಉಳಿದವರು, ಪಾಪ, ಅಪ್ಪನ ಸಾವಿಗೆ ಮಾಸ್ತರನ ತಲೆ ಕೆಟ್ಟಿದೆ ಎಂದು ಲೊಚಗುಟ್ಟಿದರು. ಆ ಕನಿಕರ ಸೂರ್ಯಕಾಂತನಿಗೆ ಚುಚ್ಚಿತು. ಅವನ ಅವಸರಕ್ಕೆ ದುಃಖ ಕಾರಣವಾಗಿರಲಿಲ್ಲ. ಮಾವ ಕಾಶಿರಾಮ ಬಂದು ನೋಡುವುದರೊಳಗೆ ಅಪ್ಪನ ಮುಖ ಮಣ್ಣು ಸೇರಬೇಕಿತ್ತು. ಬೆಳಗಿನಿಂದ ಬಂದ ಹಾರಗಳನ್ನೆಲ್ಲ ಅವನು ಗದ್ದದ ತನಕ ಏರಿಸಿದ್ದ. ಹಣೆಗೊಂದು ಬಿಳಿ ಟವೆಲ್ಲನ್ನು ಹುಬ್ಬು ಮುಚ್ಚುವಂತೆ ಕಟ್ಟಿದ್ದ. ಅಷ್ಟೆಲ್ಲದರ ನಡುವೆ ಅಪ್ಪ ಪಂಡರಿಯ ಮೂಗು ಮೀಸೆ ಮಾತ್ರ ಹೊರಗೆ ಉಳಿದಿದ್ದವು.

"ತೋಪ ಹಾರಿಸಿದ ಮನಷ್ಯಾ ನೋಡ್ರಿ," ಎಂದು ಚನ್ನಬಸಪ್ಪ ಹೊಸದಾಗಿ ಬಂದವರಿಗೆ ಹೇಳುತ್ತಿದ್ದರು. "ಎಪ್ಪತ್ತೊಂದರ ಲಡಾಯಿದಾಗ ಇವರ ಹಡಗ ವೈರಿ ಬಾಗಿಲ ತನಕ ಹೋಗಿತ್ತಂತ. ಮಣ್ಣ ಕೊಡೂಮುಂದ ನಾ ನಾಕು ಮಾತ ಆಡಾವ."

ಒಳಗೆ ಹೆಂಗಸರ ನಡುವೆ ಕುಳಿತಿದ್ದ ಜಿಜಾಬಾಯಿ ಇದನ್ನು ಕೇಳಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಗಂಡನ ಹೆಸರಿನಲ್ಲಿ ಆ ತೋಪನ್ನು ಮೊದಲು ಹಾರಿಸಿದವಳು ಅವಳೇ.

*

ಪಂಡರಿ ಮುಂಬಯಿಗೆ ಹೋದದ್ದು ಐವತ್ತಾರರಲ್ಲಿ, ಬೀದರ ಜಿಲ್ಲೆ ಮೈಸೂರಿಗೆ ಸೇರಿದ ವರ್ಷ. ಮನೆಯ ಕುರಿಗಳಲ್ಲಿ ಅರ್ಧ ರೋಗಕ್ಕೆ ಹೋಗಿದ್ದವು. ಸೂರ್ಯಕಾಂತ ಆಗ ತೊಟ್ಟಿಲಲ್ಲಿದ್ದ. ಗಿರಣಿ ಕೆಲಸ ಹುಡುಕಿಕೊಂಡು ಹೋದ ಪಂಡರಿ ಅಲ್ಲಿ ನೌಕಾಪಡೆಗೆ ಜನ ಸೇರಿಸಿಕೊಳ್ಳುತ್ತಿದ್ದ ಸಾಲು ಕಂಡು ತಾನೂ ನಿಂತ. ಏನು ಬರುತ್ತದೆ ಎಂದು ಕೇಳಿದರು. ಓದು ಬರಹ ಅಷ್ಟಕ್ಕಷ್ಟೆ. ರೊಟ್ಟಿ ಮಾಡಲು ಬರುತ್ತದೆ ಎಂದ. ಅಡುಗೆಯವನೆಂದು ಬರೆದುಕೊಂಡರು.

ಅದು ನಿಜವೇ ಆಗಿತ್ತು. ಕುರಿಯ ಹಿಂದೆ ತಿಂಗಳುಗಟ್ಟಲೆ ಅಲೆಯುವ ಗಂಡಸರು ಮೂರು ಕಲ್ಲು ಹೂಡಿ ತಮ್ಮ ಅಡುಗೆ ತಾವೇ ಮಾಡಿಕೊಳ್ಳುತ್ತಾರೆ. ಅಡವಿಯಲ್ಲಿ ಅದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. ಊರೊಳಗೆ ಬಂದ ಮೇಲೆ ಮಾತ್ರ ಗಂಡಸಾದವನು ಒಲೆಯ ಕಡೆ ತಲೆ ಹಾಕಿಯೂ ಮಲಗಬಾರದು.

ಹೀಗಾಗಿ ಮೊದಲ ಪತ್ರ ಬಂದಾಗ ಜಿಜಾಬಾಯಿ ಅದನ್ನು ಓದಿ ಹೇಳಿದ ತಮ್ಮನಿಗೆ ಆಣೆ ಹಾಕಿ ಬಾಯಿ ಮುಚ್ಚಿಸಿದಳು. ಬಾವಿಯ ಹತ್ತಿರ ಹೆಂಗಸರು ಕೇಳಿದಾಗ, "ಹಡಗಿನ ಮ್ಯಾಲ ತೋಪ ನೋಡ್ಕೋತಾರ" ಎಂದಳು. ಅವಳು ಹೇಳಿದ್ದು ಒಂದೇ ಸಲ. ಮುಂದಿನ ಮದ್ದು ಗುಂಡು ಎಲ್ಲ ಓಣಿಯವರೇ ತುಂಬಿಕೊಂಡರು.

ಪಂಡರಿ ಇಪ್ಪತ್ತನಾಲ್ಕು ವರ್ಷ ಹಡಗಿನ ಅಡುಗೆಮನೆಯಲ್ಲಿ ಕಳೆದ. ನಮ್ಮ ದನದ ಕೊಟ್ಟಿಗೆಯಷ್ಟೂ ಅಗಲವಿಲ್ಲದ, ಕಿಟಕಿಯಿಲ್ಲದ ಕಬ್ಬಿಣದ ಕೋಣೆ. ನಸುಕಿಗೆ ಮುಂಚೆ ಎದ್ದರೆ ಇನ್ನೂರೈವತ್ತು ಜನರ ಚಪಾತಿ. ಕಡಲು ಮುನಿದ ದಿನ ಪಾತ್ರೆಗಳು ಜಾರದಂತೆ ಒಲೆಯ ಸುತ್ತ ಸರಳು ಸಿಗಿಸಬೇಕು, ಬೇಳೆಯನ್ನು ಅರ್ಧ ಪಾತ್ರೆಯಷ್ಟೇ ಕುದಿಸಬೇಕು, ಇಲ್ಲದಿದ್ದರೆ ಎದೆಯ ಮೇಲೆ ಬೀಳುತ್ತದೆ. ಒಮ್ಮೆ ಬಿದ್ದೂ ಇತ್ತು. ಅವನ ಎಡ ತೋಳಿನ ಚರ್ಮ ಮೊಣಕೈವರೆಗೆ ಸುಕ್ಕುಗಟ್ಟಿದ್ದು ಬೇಳೆಯಿಂದ, ಓಣಿಯವರು ನಂಬಿದಂತೆ ಮದ್ದಿನಿಂದಲ್ಲ. ಯುದ್ಧ ಮುಗಿದ ಮೇಲೆ ಬಂದ ಪತ್ರದಲ್ಲಿ, "ಎಲ್ಲರೂ ಲಡಾಯಿ ಹೇಗಿತ್ತು ಎಂದು ಕೇಳುತ್ತಾರೆ. ನಾನು ಬೇಳೆ ನೋಡುತ್ತಿದ್ದೆ, ಲಡಾಯಿ ನೋಡಲಿಲ್ಲ. ಯಾರೂ ಹಸಿದು ಮಲಗಲಿಲ್ಲ" ಎಂದು ಬರೆಸಿದ್ದ. ಆ ಪತ್ರವನ್ನು ಓದಿದ್ದು ಸೂರ್ಯಕಾಂತ. ಓದಿ ಮಡಚಿ ಒಲೆಗೆ ಹಾಕಿದ್ದೂ ಅವನೇ. ಆಗ ಅವನಿಗೆ ಹದಿನೈದು ವರ್ಷ. ಶಾಲೆಯಲ್ಲಿ ಅವನನ್ನು ತೋಪಿನವರ ಮಗ ಎಂದು ಕರೆಯುತ್ತಿದ್ದರು.

*

ಅವನ ಮದುವೆ ಎಪ್ಪತ್ತೇಳರಲ್ಲಿ ಹುಮನಾಬಾದಿನ ಗುಡಿಯೊಂದರಲ್ಲಿ ನಡೆಯಿತು. ಕಾಶಿರಾಮ ಅಲ್ಲಿ ನಾಲ್ಕು ಜನ ಬಲ್ಲ ರೈತ. ಮಗಳು ಮೀರಾಬಾಯಿಯನ್ನು ಬಡ ಮಾಸ್ತರನಿಗೆ ಕೊಡಲು ಅವನು ಒಪ್ಪಿದ್ದೇ ಹಡಗಿನ ಬೀಗರ ಹೆಸರು ಕೇಳಿ. ಆ ಹೆಸರಿಗೆ ತಕ್ಕಂತೆ ಜಿಜಾಬಾಯಿ, ಊಟದ ಜವಾಬ್ದಾರಿ ನಮ್ಮದೇ ಇರಲಿ ಎಂದು ಜಂಬ ಕೊಚ್ಚಿ ಬಂದಳು.

ಮದುವೆಯ ಬೆಳಿಗ್ಗೆ ಗೊತ್ತು ಮಾಡಿದ್ದ ಅಡುಗೆಯವನು ಜ್ವರ ಹತ್ತಿ ಹೊದ್ದು ಮಲಗಿಬಿಟ್ಟ. ಐನೂರು ಜನ ಊಟಕ್ಕೆ ಬರುವವರು. ಅರಿಶಿನ ಮೈಯ ಮದುಮಗ ಗುಡಿಯ ಹಿತ್ತಲಿನಲ್ಲಿ ತಣ್ಣನೆಯ ಒಲೆಗಳ ಮುಂದೆ ಅಳುವುದೊಂದು ಬಾಕಿ ಇರುವಾಗ, ರಜೆ ಸಿಕ್ಕೀತೋ ಇಲ್ಲವೋ ಎಂದು ಬರೆದಿದ್ದ ಅಪ್ಪ, ಮುಂಬಯಿಯ ಬಸ್ಸಿಳಿದು ತಲೆಯ ಮೇಲೆ ಟ್ರಂಕು ಹೊತ್ತು ಹಿಂದಿನ ಬಾಗಿಲಿನಿಂದಲೇ ಒಳಗೆ ಬಂದ.

"ಎಷ್ಟ ಮಂದಿ?" ಎಂದು ಕೇಳಿದ.

"ಐನೂರು, ಅಪ್ಪಾ."

"ಇಷ್ಟೇನಾ? ನೆಲ ಅಲಗ್ಯಾಡಂಗಿಲ್ಲಲ್ಲ, ಆರಾಮ ಆಗ್ತದ. ನೀ ಹೋಗಿ ಸುರಗಿ ನೀರ ಹಾಕ್ಕೊ, ಅರಿಶಿಣ ತೊಳ್ಕೊ."

ಪಂಡರಿ ಅಂಗಿ ಕಳಚಿ, ತಲೆಗೆ ಟವೆಲ್ ಬಿಗಿದು, ಲುಂಗಿ ಎತ್ತಿ ಕಟ್ಟಿದ. ಮಧ್ಯಾಹ್ನದ ಹೊತ್ತಿಗೆ ಗೋಧಿ ಹುಗ್ಗಿ, ಅನ್ನ, ಸಾರು, ಎರಡು ಪಲ್ಯ ಎಲ್ಲ ತಯಾರು. ಸೂರ್ಯಕಾಂತ ಕೃತಜ್ಞತೆಯಿಂದ ಕರಗಿ ಹೋಗಿದ್ದ, ಅದನ್ನು ಹೇಳಲೆಂದೇ ಹಿತ್ತಲಿಗೆ ಬಂದ. ಆಗಲೇ ಆ ಕಡೆಯಿಂದ ಕಾಶಿರಾಮನೂ ಬಂದ, ಹೊಸ ಬೀಗತನದ ಬಿಗುವಿನಲ್ಲಿ.

"ಏ ಅಡಿಗಿಯವಾ! ಎಷ್ಟೊತ್ತು ಮಾಡ್ತಿಯೋ? ನಮ್ಮ ಮಂದಿ ಪತ್ರೋಳಿ ಮುಂದ ಕುಂತು ಬ್ಯಾಸರ ಆಗ್ಯಾರ. ಕೈ ಇಲ್ಲೇನು ನಿನಗ?"

ಪಂಡರಿ ಕೈಯಲ್ಲಿ ಸೌಟು ಹಿಡಿದು ಮಗನ ಮುಖ ನೋಡಿದ. ನಗುವ ತಯಾರಿಯಲ್ಲಿದ್ದ. ಇನ್ನೇನು ಮಗ ನಕ್ಕು, "ಮಾವಾರ, ಇವರೇ ನಮ್ಮಪ್ಪ" ಅಂದಾನು, ಬೀಗರು ನಾಲಿಗೆ ಕಚ್ಚಿಕೊಂಡಾರು, ಇಬ್ಬರೂ ತಬ್ಬಿಕೊಳ್ಳಬೇಕಾದೀತು ಎಂದು ಟವೆಲ್ಲಿಗೆ ಕೈ ಒರೆಸಿಕೊಳ್ಳಲೂ ಶುರುಮಾಡಿದ್ದ.

ಸೂರ್ಯಕಾಂತ ಮೈಯೆಲ್ಲ ಮಸಿ, ಬೆವರು ಆಗಿದ್ದ ಆ ಮನುಷ್ಯನನ್ನು ನೋಡಿದ. ಮಾವನ ತಲೆಯ ಜರಿ ಪಟಗವನ್ನು ನೋಡಿದ.

ಕಾಶಿರಾಮ ಅವನ ಕಡೆ ತಿರುಗಿ ದನಿ ಇಳಿಸಿ ಕೇಳಿದ, "ಅಳಿಯಂದ್ರ, ಬೀಗರು ಬರಲೇ ಇಲ್ಲೇನ್ರಿ?"

"ಇಲ್ಲರಿ. ಅಪ್ಪಗ ರಜಾ ಸಿಗಲಿಲ್ಲರಿ."

ಪಂಡರಿ ಕೈ ಒರೆಸುವುದನ್ನು ನಿಲ್ಲಿಸಿದ. ಆಮೇಲೆ ಕಾಶಿರಾಮನಿಗೆ, "ಈಗ ಬಡಸ್ತೀನ್ರಿ ಸಾಹೇಬ್ರ, ಐದ ಮಿನಿಟ" ಎಂದು ಹೇಳಿ ಪಾತ್ರೆಯ ಮೇಲೆ ಬಗ್ಗಿದ. ಬೀಗರ ಭೇಟಿಗೆ ಅವನ ಜಾಗದಲ್ಲಿ ಹೆಂಡತಿಯ ತಮ್ಮ ನಿಂತು ತಬ್ಬಿಸಿಕೊಂಡ. ಮಗನ ತಲೆಯ ಮೇಲೆ ಅಕ್ಕಿ ಬಿದ್ದಾಗ ಪಂಡರಿ ಹಿತ್ತಲಿನ ಗೋಡೆಯಾಚೆ ಇದ್ದ. ಎಲ್ಲರ ಊಟ ಮುಗಿದ ಮೇಲೆ ಟ್ರಂಕು ಹೊತ್ತು ಬಂದ ದಾರಿಯಲ್ಲೇ ಹೋದ.

ಎಂಬತ್ತರಲ್ಲಿ ನಿವೃತ್ತನಾಗಿ ಊರಿಗೆ ಬಂದವನು ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಸೊಸೆಯನ್ನು ಮಗಳಂತೆ ಕಂಡ. ಆದರೆ ಬೀಗರು ಬರುತ್ತಾರೆ ಎಂಬ ಸುದ್ದಿ ಬಂದ ದಿನ ಒಂದು ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿಬಿಡುತ್ತಿದ್ದ. ಮೊಮ್ಮಗಳ ಹೆಸರಿಡುವ ದಿನವೂ ಹೋದ. ಕಾಶಿರಾಮ ಪ್ರತಿ ಸಲ ಗೋಡೆಯ ಮೇಲಿನ, ಇಪ್ಪತ್ತೆರಡರ ಹರೆಯದ ಬಿಳಿ ಸಮವಸ್ತ್ರದ ಫೋಟೋ ನೋಡಿ, "ಏನ್ ದೊಡ್ಡ ಮನಷ್ಯಾರಪಾ, ಕೈಗೇ ಸಿಗಂಗಿಲ್ಲ" ಎಂದು ಹೋಗುತ್ತಿದ್ದ. ಒಲೆಯ ಹತ್ತಿರ ಹೋಗಲು ಜಿಜಾಬಾಯಿ ಬಿಡುತ್ತಿರಲಿಲ್ಲವಾದ್ದರಿಂದ ಪಂಡರಿ ಅಡುಗೆಮನೆಯ ಹೊಸ್ತಿಲಾಚೆ ಕುಳಿತು, "ಬ್ಯಾಳಿಗಿ ಇನ್ನೊಂದ ಕುದಿ ಬೇಕವಾ" ಎಂದು ಸೊಸೆಗೆ ಮೆಲ್ಲಗೆ ಹೇಳುತ್ತಿದ್ದ. ಇವರಿಗೆ ಹೇಗೆ ಗೊತ್ತಾಗುತ್ತದೆ ಎಂದು ಮೀರಾಬಾಯಿ ಗಂಡನನ್ನು ಕೇಳಿದ್ದಳು. ಸೂರ್ಯಕಾಂತ ವಾಸನೆಯಿಂದ ಇರಬೇಕು ಎಂದಿದ್ದ.

*

ಹನ್ನೊಂದರ ಬಸ್ಸಿಗೆ ಕಾಶಿರಾಮ ಬಂದ. ಓಣಿಯ ತುದಿಯಿಂದಲೇ ಅಳುತ್ತ, ಬಗಲಲ್ಲಿ ಹೊಸ ರುಮಾಲಿನ ಪೊಟ್ಟಣ ಹಿಡಿದು ಬಂದ. ಮೀರಾಬಾಯಿ ಓಡಿ ಬಂದು ತಂದೆಯ ಕೊರಳಿಗೆ ಬಿದ್ದಳು. ಚನ್ನಬಸಪ್ಪ ಜನರನ್ನು ಸರಿಸಿ ದಾರಿ ಮಾಡಿದರು.

"ಮಾಸ್ತರ, ಒಂದ ತುದಿ ನೀ ಹಿಡಿ. ನಿಮ್ಮ ಮಾವ ಸುತ್ತಲಿ."

ಆರು ಗಜದ ಬಟ್ಟೆ. ಒಬ್ಬರು ತುದಿ ಹಿಡಿದು ಬಿಗಿ ಕೊಟ್ಟರೇ ಸುತ್ತು ಕೂರುವುದು. ಸೂರ್ಯಕಾಂತ ತುದಿ ಹಿಡಿದು ಅಂಗಳಕ್ಕೆ ಸರಿದು ನಿಂತ. ಕಾಶಿರಾಮ ಪಂಡರಿಯ ಹಣೆಯ ಟವೆಲ್ಲನ್ನು ಬಿಚ್ಚಿ, ಹಾರಗಳನ್ನು ಕೆಳಗೆ ಜಾರಿಸಿ, ಗೇಣು ದೂರದಿಂದ ಆ ಮುಖವನ್ನು ನೋಡಿದ. ಬಹಳ ಹೊತ್ತು ನೋಡಿದ. ಸೂರ್ಯಕಾಂತ ಬಟ್ಟೆಯ ತುದಿಯನ್ನು ಮುಷ್ಟಿಗೆ ಸುತ್ತಿಕೊಂಡ.

"ಎಂಥಾ ಶಾಂತ ಮಾರಿ," ಎಂದ ಕಾಶಿರಾಮ. "ಹನ್ನೊಂದು ವರ್ಷ ಬೀಗತನ ಮಾಡಿ, ಮಾರಿ ನೋಡೂದು ಇವತ್ತ ಬಂತು ನೋಡ್ರಿ ನನ್ನ ನಸೀಬದಾಗ."

ಅವನಿಗೆ ಗುರುತು ಸಿಗಲಿಲ್ಲ. ಅಡುಗೆಯವನನ್ನು ಬೈದಿದ್ದನೇ ಹೊರತು ಅವನ ಮುಖ ನೋಡಿರಲಿಲ್ಲ. ಸೂರ್ಯಕಾಂತನಿಗೆ ಒಂದು ಗಳಿಗೆ ಸಂತೋಷವೇ ಆಯಿತು. ಅಪ್ಪನ ಹೆಣದ ಮುಂದೆ ನಿಂತು ಸಂತೋಷಪಟ್ಟ.

ಕಾಶಿರಾಮ ಮೊದಲ ಸುತ್ತು ಹಾಕುತ್ತ ಮಾತಿಗೆ ತೊಡಗಿದ. "ಹದಿಮೂರನೇ ದಿನದ ಊಟ ಇಂಥಾ ಮನಷ್ಯಾಗ ತಕ್ಕಂಗ ಆಗಬೇಕ್ರಿ ಅಳಿಯಂದ್ರ. ನಿಮ್ಮ ಮದುವಿ ಅಡಿಗಿ ಮಾಡಿದವ ಇದ್ನಲ್ಲ, ಅವನ್ನೇ ಕರಸ್ರಿ. ಏನ್ ಹುಗ್ಗಿ ಮಾಡಿದ್ದ! ಹುಮನಾಬಾದದಾಗ ಇನ್ನೂ ನೆನಸ್ತಾರ. ನಾ ಆವತ್ತ ಸುಮ್ಮ ಸುಮ್ಮನ ಬೈದೆ ಪಾಪ, ಅಂವ ಸಾಹೇಬ್ರ ಅಂದ ನನಗ. ಅದಾನೋ ಇಲ್ಲೋ ಅಂವ?"

ಗೊತ್ತಿಲ್ಲರಿ ಅಂದರೆ ಮುಗಿಯುತ್ತಿತ್ತು. ಜಗತ್ತಿನಲ್ಲಿ ಯಾರೂ ಮತ್ತೆ ಕೇಳುತ್ತಿರಲಿಲ್ಲ. ಆದರೆ ಯಾರೂ ನೋಡಿಯೇ ಇರದ ಮುಖವನ್ನು ಬಚ್ಚಿಟ್ಟುಕೊಳ್ಳಲು ಅಪ್ಪ ಎಂಟು ವರ್ಷ ಬಿಸಿಲಲ್ಲಿ ಹೊಲದ ಬದುವಿನ ಮೇಲೆ ಒಬ್ಬನೇ ಕುಳಿತು ರೊಟ್ಟಿ ತಿಂದಿದ್ದ. ಅದು ನೆನಪಾಗಿ ಸೂರ್ಯಕಾಂತನಿಗೆ ತನ್ನ ಬಗ್ಗೆ ಹೇಸಿಗೆ ಬಂತು.

"ಇವ್ರೇ ರಿ, ಮಾವಾರ."

"ಯಾರು?"

"ಅಡಿಗಿ ಮಾಡಿದವ್ರು. ಅಪ್ಪಗ ರಜಾ ಸಿಕ್ಕಿತ್ತರಿ. ಸಿಕ್ಕಿಲ್ಲ ಅಂತ ನಾ ಝೂಟ ಹೇಳಿದ್ನಿ. ಇವರು ತೋಪ ಹಾರಿಸಿಲ್ಲರಿ. ಇಪ್ಪತ್ನಾಕು ವರ್ಷ ಹಡಗಿನ್ಯಾಗ ಮಂದಿಗಿ ಅಡಿಗಿ ಮಾಡಿ ಹಾಕ್ಯಾರ."

ಒಳಗೆ ಜಿಜಾಬಾಯಿಯ ಅಳು ಗಕ್ಕನೆ ನಿಂತಿತು. ಮೀರಾಬಾಯಿ ಗಂಡನನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ಕಾಶಿರಾಮನ ಕೈ ಎರಡನೆಯ ಸುತ್ತಿನಲ್ಲಿ ನಿಂತಿತು.

"ನನ್ನ ಬಾಯಿಲೆ ಬೀಗರಿಗಿ 'ಏ' ಅನಿಸಿದಿ ಅಲ್ಲೋ," ಎಂದ ಅವನು. ಕೂಗಲಿಲ್ಲ. ಹನ್ನೊಂದು ವರ್ಷದ ಬಹುವಚನ ಮಾತ್ರ ಹೋಗಿತ್ತು. "ಎಂಟು ವರ್ಷ ಇಲ್ಲೇ ಇದ್ರು. ಒಂದ ಮಾತ ಹೇಳಿದ್ರ ಬಂದು ಕಾಲ ಹಿಡೀತಿದ್ನಿ. ಇವತ್ತ ಯಾರ ಕಾಲ ಹಿಡೀಲಿ ನಾ?"

ಕಾಶಿರಾಮ ಉತ್ತರಕ್ಕೆ ಕಾಯಲಿಲ್ಲ. ತನ್ನ ಹಿರಿತನ ಮರೆತು ನೆಲದ ಮೇಲೆ ಕುಳಿತ. ಸತ್ತವನ ಎರಡೂ ಕೈಗಳನ್ನು ಹಾರದ ಅಡಿಯಿಂದ ಹೊರಗೆ ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡ. ಕಿವಿಯ ಹತ್ತಿರ ಬಾಗಿ, ಜೀವಂತ ಬೀಗರೊಡನೆ ಆಡುವಷ್ಟೇ ಮೆಲ್ಲಗೆ ಹೇಳಿದ.

"ಬೀಗರ, ಆವತ್ತ ಊಟ ಭಾಳ ಛಲೋ ಆಗಿತ್ತರಿ. ಎಲ್ಲಾರೂ ಹೊಟ್ಟಿತುಂಬ ಉಂಡ್ರರಿ. ನಾ ಎರಡ ಸಲ ಹಾಕಿಸ್ಕೊಂಡೆ."

ಅಂಗಳದಲ್ಲಿ ಸೂರ್ಯಕಾಂತ ರುಮಾಲಿನ ತುದಿ ಹಿಡಿದುಕೊಂಡೇ ನಿಂತಿದ್ದ. ಅಪ್ಪನ ತಲೆಗೆ ಅರ್ಧ ಸುತ್ತಿದ ಬಟ್ಟೆ ಅವನ ಮುಷ್ಟಿಯವರೆಗೆ ಬಿಗಿಯಾಗಿ ಚಾಚಿತ್ತು. ಹತ್ತಿರ ಹೋದರೆ ಬಟ್ಟೆ ಸಡಿಲಾಗುತ್ತಿತ್ತು, ಬಿಟ್ಟರೆ ಅಪ್ಪನ ತಲೆಯಿಂದ ಬಿಚ್ಚಿ ಬೀಳುತ್ತಿತ್ತು.